ನಮ್ಮೂರ ಸಾಲಿಯ ಲೆಕ್ಕ ಯಾರ ಕೈಯಾಗದ?

(ಸೇಡಂ ತಾಲೂಕಿನ ಒಂದು ಹಳ್ಳಿಯಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ತೊಗರಿ ಬೆಲೆ, ಬ್ಯಾಂಕಿನ ನೋಟೀಸು, ಬೆಳೆವಿಮೆ ಇವುಗಳ ಮೇಲೆ ನನಗಿಂತ ಮುಂಚೆ ಮಾತಾಡಿದವರು ಚೆನ್ನಾಗಿ ಮಾತಾಡಿದ್ದಾರೆ. ನನಗೆ ಸಾಲಿಯ ಬಗ್ಗೆ ಮಾತಾಡಿರಿ ಎಂದಿದ್ದಾರೆ. ಇಲ್ಲಿ ಸೇಡಂನವರಿದ್ದೀರಿ, ಚಿತ್ತಾಪುರ, ವಾಡಿ, ಶಹಾಬಾದ ಕಡೆಯವರಿದ್ದೀರಿ, ಚಿಂಚೋಳಿಯಿಂದ ಬಸ್ಸು ಹಿಡಿದು ಬಂದವರೂ ಇದ್ದೀರಿ. ಸಾಲದ ಸಭೆಯಾಗ ಸಾಲಿ ಮಾತು ಯಾಕ್ರೀ ಅಂತ ಹಿಂದೆ ಕೂತವರು ಅಂದದ್ದು ನನಗೆ ಕೇಳಿಸಿತು. ಸಾಲಕ್ಕೂ ಸಾಲಿಗೂ ಇರೋ ಸಂಬಂಧಾನೇ ಹೇಳಾಕ ಬಂದೀನಿ.

ಕಳೆದ ವರ್ಷ ನೀವು ಕೈಸಾಲ ಮಾಡಿದ್ದು ಎದಕ್ಕ, ನೆನಪು ಮಾಡಿಕೊಳ್ಳಿರಿ. ಬೀಜ-ಗೊಬ್ಬರಕ್ಕೆ ಒಂದಿಷ್ಟು. ದವಾಖಾನೆಗೆ ಒಂದಿಷ್ಟು. ಲಗ್ನ ಇದ್ದವರಿಗೆ ಅದು ಬೇರೆ. ಇನ್ನುಳಿದದ್ದು? ಜೂನ್ ತಿಂಗಳು ಬಿತ್ತಿಗೆಯ ಕಾಲ. ಅದೇ ಜೂನ್‌ನಲ್ಲಿ ಕಾನ್ವೆಂಟಿನ ಫೀ. ಮನೆಯಲ್ಲಿ ಒಂದು ರೊಕ್ಕ ಇಲ್ಲದ ಹೊತ್ತಿಗೆ ಎರಡೂ ಕೂಡಿ ಬರುತ್ತವೆ. ಬೀಜದ ಅಂಗಡಿಯವ ರಾಶಿಯಾಗೋ ತನಕ ಉದ್ರಿ ಕೊಡುತ್ತಾನೆ, ಕಾನ್ವೆಂಟಿನವರು ಕೊಡುವುದಿಲ್ಲ. ಹಾಗಾಗಿ ಆ ಹಣ ಬಡ್ಡಿಯ ಮೇಲೆ ಬರುತ್ತದೆ.

ಇದಕ್ಕೆ ಒಂದು ಲೆಕ್ಕ ಹಾಕೋಣ. ಒಂದು ಊರು. ಒಂದರಿಂದ ಐದನೆಯ ತರಗತಿ ತನಕ ಸರ್ಕಾರಿ ಸಾಲಿ ಇದೆ, 90 ಮಕ್ಕಳಿದ್ದಾರೆ. ಅದೇ ಊರಿನ ಹನ್ನೆರಡು ಮಕ್ಕಳು, ಎಲ್ಲರೂ ಹೊಲ ಇದ್ದವರ ಮಕ್ಕಳೇ, ಬೆಳಿಗ್ಗೆ ಎಂಟಕ್ಕೆ ಹಳದಿ ವ್ಯಾನ್ ಹತ್ತಿ ಪೇಟೆಯ ಕಾನ್ವೆಂಟಿಗೆ ಹೋಗುತ್ತಾರೆ. ಫೀ, ವ್ಯಾನು, ಬಟ್ಟೆ, ಪುಸ್ತಕ, ಬೂಟು ಎಲ್ಲ ಕೂಡಿ ತಲಾ 30 ಸಾವಿರ ಅನ್ನೋಣ. ನಿಮ್ಮಲ್ಲಿ ಕೆಲವರು ಇದಕ್ಕಿಂತ ಹೆಚ್ಚು ಕಟ್ಟುತ್ತೀರಿ, ಗೊತ್ತದ. ಹನ್ನೆರಡು ಮಕ್ಕಳಿಗೆ ವರ್ಷಕ್ಕೆ 3 ಲಕ್ಷ 60 ಸಾವಿರ. 2025-26ಕ್ಕೆ ಕೇಂದ್ರ ಸರ್ಕಾರ ತೊಗರಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000. ಅಂದರೆ 45 ಕ್ವಿಂಟಲ್ ತೊಗರಿ. ಎಕರೆಗೆ ಮೂರು ಕ್ವಿಂಟಲ್ ಬಂದರೆ ಹದಿನೈದು ಎಕರೆಯ ಪೂರಾ ಬೆಳೆ. ಅದೂ ಬೆಂಬಲ ಬೆಲೆ ಕೈಗೆ ಸಿಕ್ಕರೆ, ನೆಟೆ ರೋಗ ಬಾರದಿದ್ದರೆ. 2022ರಲ್ಲಿ ನೆಟೆ ಬಂದು ನಿಂತ ನಿಂತಲ್ಲೇ ಒಣಗಿದ್ದು ಯಾರೂ ಮರೆತಿಲ್ಲ.

ಇದು ಖರ್ಚಾಯಿತು. ಈಗ ನಷ್ಟ ನೋಡಿರಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಐದನೆಯ ತನಕದ ಶಾಲೆಗೆ ಮಾಸ್ತರರ ಲೆಕ್ಕ ಹೀಗೆ ಕೊಟ್ಟಿದೆ: 60 ಮಕ್ಕಳ ತನಕ ಇಬ್ಬರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ನಮ್ಮ ಲೆಕ್ಕದ ಊರಿಗೆ ಮೂವರು ಬರುತ್ತಾರೆ. ಆ ಹನ್ನೆರಡು ಮಕ್ಕಳು ಊರಲ್ಲೇ ಇದ್ದಿದ್ದರೆ 102, ನಾಲ್ವರು. ಸರ್ಕಾರ ವರ್ಷಕ್ಕೊಮ್ಮೆ ಶಾಲೆಗೆ ಕೊಡುವ ಅನುದಾನ ಇದೆಯಲ್ಲ, ಸುಣ್ಣ, ದುರಸ್ತಿ, ಚಾಕ್‌ಪೀಸು, ಲೈಟ್ ಬಿಲ್ಲಿನದು, ಅದು ಸಮಗ್ರ ಶಿಕ್ಷಣದ ನಿಯಮದಂತೆ 30 ಮಕ್ಕಳ ತನಕ 10 ಸಾವಿರ, 100ರ ತನಕ 25 ಸಾವಿರ, 250ರ ತನಕ 50 ಸಾವಿರ. ತೊಂಬತ್ತಕ್ಕೆ 25 ಸಾವಿರ, 102ಕ್ಕೆ ಐವತ್ತು. ಆ ಇಪ್ಪತ್ತೈದರಲ್ಲೂ ಹತ್ತನೆಯ ಒಂದು ಪಾಲು ಸ್ವಚ್ಛತೆಗೆ ಇಡಬೇಕು. ಉಳಿದದ್ದು ಒಂದು ಮಗುವಿಗೆ ವರ್ಷಕ್ಕೆ 250 ರೂಪಾಯಿ.

ಹನ್ನೆರಡು ಮಕ್ಕಳು ವ್ಯಾನ್ ಹತ್ತಿದ್ದಕ್ಕೆ ಊರು ಕಳಕೊಂಡದ್ದು ಒಬ್ಬ ಮಾಸ್ತರ, ಅರ್ಧ ಅನುದಾನ. ಆಮೇಲೆ ನಾವೇ ಕಟ್ಟೆಯ ಮೇಲೆ ಕೂತು, ಸರ್ಕಾರಿ ಸಾಲಿಯಾಗ ಮಾಸ್ತರೇ ಇಲ್ಲ ಬಿಡ್ರಿ, ಅಂತೀವಿ.

ನಾನು ಇದನ್ನು ದೂರ ನಿಂತು ಹೇಳುತ್ತಿಲ್ಲ. ನನ್ನ ದೊಡ್ಡ ಮಗನೂ ಎರಡು ವರ್ಷ ಆ ವ್ಯಾನ್ ಹತ್ತಿದವನೇ.

ಈ ಶಾಲೆಯನ್ನು ನಡೆಸುವವರು ಯಾರು? ಅಮೆರಿಕದ ಹಳ್ಳಿಗಾಡಿನಲ್ಲಿ ಒಂದು ಪದ್ಧತಿ ಇದೆ. ಒಂದಿಷ್ಟು ಊರು ಸೇರಿ ಒಂದು ಶಾಲಾ ಜಿಲ್ಲೆ. ಅಲ್ಲಿನ ಜನ ಓಟು ಹಾಕಿ ಶಾಲಾ ಮಂಡಳಿ ಆರಿಸುತ್ತಾರೆ. ಜಮೀನು-ಮನೆಗಳ ಮೇಲಿನ ತೆರಿಗೆಯ ಒಂದು ಪಾಲು ಶಾಲೆಗೇ ಹೋಗುತ್ತದೆ, ಮಾಸ್ತರರನ್ನು ಮಂಡಳಿಯೇ ನೇಮಿಸುತ್ತದೆ. ಅದರಲ್ಲಿ ದೋಷ ಇಲ್ಲ ಅಂತಲ್ಲ. ಬಡ ಜಿಲ್ಲೆಗೆ ಬಡ ಶಾಲೆ ಆಗುತ್ತದೆ. ಆದರೆ ರೊಕ್ಕ ಯಾರದು, ಮಾತು ಯಾರದು ಎಂಬುದು ಅಲ್ಲಿನ ರೈತನಿಗೆ ತಿಳಿದಿರುತ್ತದೆ.

ನಮ್ಮಲ್ಲಿ ಮಾಸ್ತರರ ಪಗಾರ ರಾಜ್ಯದ ಖಜಾನೆಯಿಂದ ಬರುತ್ತದೆ, ನೇಮಕ-ವರ್ಗ ಬೆಂಗಳೂರಿನ ನಿಯಮದಂತೆ. ತಾಲೂಕಿಗೆ ಒಬ್ಬ ಕ್ಷೇತ್ರ ಶಿಕ್ಷಣಾಧಿಕಾರಿ, ನಾವು ಬಿಇಒ ಅನ್ನೋದು. ಮೇಲೆ ಕಲಬುರಗಿಯಲ್ಲಿ ಉಪನಿರ್ದೇಶಕರು. ಮಧ್ಯೆ ಜಿಲ್ಲಾ ಪಂಚಾಯ್ತಿ. 1987ರಲ್ಲಿ ಜಿಲ್ಲಾ ಪರಿಷತ್ತು ಬಂದಾಗ ನಮ್ಮ ಓಟಿನವರ ಕೈಗೆ ಶಾಲೆ ಬಂತು ಅಂದುಕೊಂಡಿದ್ದೆವು. 2021ರಲ್ಲಿ ಜಿಲ್ಲಾ, ತಾಲೂಕು ಪಂಚಾಯ್ತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಅಧಿಕಾರಿಗಳೇ ನಡೆಸಿದರು. ಪಂಚಾಯ್ತಿಯ ಮನೆಕರದ ರಸೀದಿ ತೆಗೆದು ನೋಡಿರಿ, ಅದರಲ್ಲಿ ಶಿಕ್ಷಣ ಕರ ಅಂತ ಒಂದು ಸಾಲು ಇರುತ್ತದೆ. ಆ ದುಡ್ಡು ನೇರವಾಗಿ ನಿಮ್ಮೂರ ಶಾಲೆಯ ಖಾತೆಗೆ ಬೀಳುವುದಿಲ್ಲ.

ಹಾಗಾದರೆ ಊರಿನ ಕೈಯಲ್ಲಿ ಉಳಿದದ್ದೇನು? ಎಸ್‌ಡಿಎಂಸಿ. 2001ರಲ್ಲಿ ಸರ್ಕಾರ ಆದೇಶ ಮಾಡಿ ತಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಅದರಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧ ಹೆಣ್ಣುಮಕ್ಕಳು ಇರಬೇಕು, ಬಡವರ, ದಲಿತರ ಮಕ್ಕಳ ಪಾಲಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯೂ ಹೇಳುತ್ತದೆ. ಆ ಕಾಯ್ದೆಯ 22ನೆಯ ಕಲಮು ಓದಿಕೊಳ್ಳಿರಿ: ಈ ಸಮಿತಿ ಶಾಲಾ ಅಭಿವೃದ್ಧಿ ಯೋಜನೆ ಬರೆಯಬೇಕು, ಸರ್ಕಾರದ ಅನುದಾನಕ್ಕೆ ಆ ಯೋಜನೆಯೇ ಆಧಾರ ಆಗಬೇಕು. ಎಷ್ಟು ಊರಲ್ಲಿ ಈ ಯೋಜನೆಯನ್ನು ಸಮಿತಿಯವರು ಕೂತು ಬರೆದಿದ್ದಾರೆ? ಕೈ ಎತ್ತಿರಿ ನೋಡೋಣ.

ಆಯ್ತು, ಇಳಿಸಿರಿ. ನನ್ನದೂ ಎತ್ತುವ ಹಾಗಿಲ್ಲ.

ನಾನು ನಮ್ಮೂರ ಸಮಿತಿಗೆ ಮೂರು ವರ್ಷ ಅಧ್ಯಕ್ಷನಾಗಿದ್ದೆ. ಮೊದಲ ವರ್ಷ ಹೆಡ್‌ಮಾಸ್ತರರು ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಸಹಿ ಮಾಡಿದೆ. ಅವರು ಒಳ್ಳೆಯವರು, ರೊಕ್ಕ ತಿಂದವರಲ್ಲ. ಆದರೂ ನನಗೆ ಏನು ಬಂತು, ಏನು ಹೋಯಿತು ತಿಳಿಯಲಿಲ್ಲ. ಎರಡನೆಯ ವರ್ಷ ಸಮಿತಿಯ ಒಬ್ಬ ಹೆಣ್ಣುಮಗಳು, ಕೂಲಿ ಮಾಡಿ ಬದುಕುವವಳು, ಸಭೆಯಲ್ಲಿ ಎದ್ದು ಕೇಳಿದಳು: ‘ಕಾಕಾ, ಹೆಣ್ಣುಹುಡುಗರ ಪಾಯಖಾನಿಗೆ ಕೀಲಿ ಯಾಕ ಹಾಕೀರಿ?’ ನೀರಿಲ್ಲ ಅಂತ ಕೀಲಿ ಹಾಕಿದ್ದು. ನೀರು ಯಾಕಿಲ್ಲ ಅಂದರೆ ಮೋಟಾರು ಸುಟ್ಟಿತ್ತು. ಎಷ್ಟು ದಿನದಿಂದ? ಏಳು ತಿಂಗಳು. ನನ್ನ ಹೊಲದ ಮೋಟಾರು ಸುಟ್ಟರೆ ನಾನು ಏಳು ತಾಸು ತಡೆಯುತ್ತಿದ್ದೆನೇ? ಆ ದಿನ ಪಾಸ್‌ಬುಕ್ ತರಿಸಿ ನೋಡಿದೆವು, ದುರಸ್ತಿಗೆ ಸಾಕಾಗುವಷ್ಟು ಹಣ ಖಾತೆಯಲ್ಲೇ ಇತ್ತು. ಯಾರೂ ಕೇಳಿರಲಿಲ್ಲ, ಅಷ್ಟೇ. ಅವಳ ಮಗಳು ಆ ಶಾಲೆಯಲ್ಲಿದ್ದಳು, ಅದಕ್ಕೇ ಅವಳಿಗೆ ಗೊತ್ತಿತ್ತು. ಊರಿನ ಅಂಕಿ-ಅಂಶ ಬಲ್ಲವರು, ಕಚೇರಿಗೆ ಹೋಗಿ ಮೇಜು ಕುಟ್ಟಬಲ್ಲವರು ನಾವು. ನಮ್ಮ ಮಕ್ಕಳು ಅಲ್ಲಿಲ್ಲ. ಮಕ್ಕಳು ಅಲ್ಲಿರುವವರಿಗೆ ಒಂದು ದಿನದ ಕೂಲಿ ಬಿಟ್ಟು ತಾಲೂಕಿಗೆ ಹೋಗಲು ಆಗುವುದಿಲ್ಲ.

ಇನ್ನೊಂದು ಮಾತು, ಇದು ನಿಮಗೆ ಸೇರಲಿಕ್ಕಿಲ್ಲ. ಹತ್ತಿ ಬಿಡಿಸುವಾಗ, ತೊಗರಿ ಕೊಯ್ಲಿಗೆ ಕೂಲಿಯವರ ಜೊತೆ ಮಕ್ಕಳೂ ಬಂದರೆ ನಾವು ಬ್ಯಾಡ ಅನ್ನುವುದಿಲ್ಲ. ಚಿಂಚೋಳಿ ಕಡೆಯ ತಾಂಡಾಗಳಿಂದ ಮಂದಿ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋದಾಗ ಮಕ್ಕಳೂ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಬೆಂಚಿನ ಮೇಲೆ ಹುಡುಗ ಇರುವುದಿಲ್ಲ. 2002ರ ಜೂನ್‌ನಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಬಿಸಿಯೂಟ ಬಹಳ ಮಕ್ಕಳನ್ನು ಹಿಡಿದು ನಿಲ್ಲಿಸಿತು. ಆದರೆ 2025ರ ಎಸ್‌ಎಸ್‌ಎಲ್‌ಸಿಯಲ್ಲಿ ಕಲಬುರಗಿ ಜಿಲ್ಲೆ 42.43ರಷ್ಟು ಫಲಿತಾಂಶದೊಂದಿಗೆ ರಾಜ್ಯಕ್ಕೇ ಕೊನೆ. ನೂರಕ್ಕೆ ಐವತ್ತೇಳು ಹುಡುಗರು ಮೊದಲ ಸಲ ಪಾಸಾಗಲಿಲ್ಲ. ಅದರಲ್ಲಿ ಕಾನ್ವೆಂಟಿನವರೂ ಇದ್ದಾರೆ ಎಂಬುದನ್ನು ಫೀ ಕಟ್ಟುವವರು ಗಮನಿಸಬೇಕು. ರಾಷ್ಟ್ರಕೂಟರ ರಾಜಧಾನಿ ಮಳಖೇಡ ಇರುವ ಸೀಮೆ ಅಂತ ವೇದಿಕೆಯ ಮೇಲೆ ಹೇಳಿಕೊಳ್ಳುತ್ತೇವೆ. ಅಂಕಪಟ್ಟಿ ಬಂದ ದಿನ ಆ ಮಾತು ಬಾಯಿಗೆ ಬರುವುದಿಲ್ಲ.

ರೊಕ್ಕ ಇಲ್ಲವೇ? ಡಾ. ನಂಜುಂಡಪ್ಪ ಸಮಿತಿ 2002ರಲ್ಲೇ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರನ್ನೂ ಅತ್ಯಂತ ಹಿಂದುಳಿದ ತಾಲೂಕು ಅಂತ ಬರೆಯಿತು. ಸಂವಿಧಾನದ 371(ಜೆ) ಬಂತು, ಪ್ರದೇಶಾಭಿವೃದ್ಧಿ ಮಂಡಳಿ ಬಂತು. 2022ರಲ್ಲಿ 15 ಸಾವಿರ ಪದವೀಧರ ಶಿಕ್ಷಕರ ಹುದ್ದೆ ಕರೆದಾಗ 5 ಸಾವಿರ ನಮ್ಮ ಭಾಗಕ್ಕೇ ಇಟ್ಟಿದ್ದರು. ಇವೆಲ್ಲಕ್ಕಿಂತ ಹತ್ತಿರದ್ದು ಒಂದಿದೆ, ನಮ್ಮ ಕಾಲಡಿಯ ಕಲ್ಲು. ಮಳಖೇಡ, ಸೇಡಂ, ವಾಡಿ, ಶಹಾಬಾದ ಸುತ್ತ ಸಿಮೆಂಟಿಗೆ ಸುಣ್ಣದಕಲ್ಲು ತೆಗೆಯುತ್ತಾರೆ. 2014ರಲ್ಲಿ ನಿಗದಿಯಾದ ದರದಂತೆ ಟನ್ನಿಗೆ 80 ರೂಪಾಯಿ ರಾಜಧನ. 2015ರ ತಿದ್ದುಪಡಿಯಂತೆ ಹಳೆಯ ಗುತ್ತಿಗೆಯವರು ಆ ರಾಜಧನದ ನೂರಕ್ಕೆ 30ರಷ್ಟು, ಅಂದರೆ ಟನ್ನಿಗೆ 24 ರೂಪಾಯಿ, ಮೇಲೆ ಕೂಡಿಸಿ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕು. ಹರಾಜಿನಲ್ಲಿ ಪಡೆದವರಿಗೆ ನೂರಕ್ಕೆ 10. ಈ ಹಣದ ಹೆಚ್ಚಿನ ಪಾಲು ಗಣಿಬಾಧಿತ ಊರುಗಳ ಕುಡಿಯುವ ನೀರು, ಆರೋಗ್ಯ, ಶಿಕ್ಷಣ ಮೊದಲಾದವಕ್ಕೆ ಹೋಗಬೇಕೆಂದು ನಿಯಮ. ಧೂಳು ನಮ್ಮ ತೊಗರಿ ಹೂವಿನ ಮೇಲೆ ಬೀಳುತ್ತದೆ. ಹಾಗಾದರೆ ಆ ಹಣದ ಕೋಣೆ ಯಾವ ಊರಲ್ಲಿ ಎದ್ದಿತು ಎಂದು ಗ್ರಾಮಸಭೆಯಲ್ಲಿ ಕೇಳುವುದು ಭಿಕ್ಷೆಯಲ್ಲ. ಕೇಳುವುದಕ್ಕೆ ಆಧಾರ ಬೇಕು; ಆಧಾರ ಅಂದರೆ ಅದೇ ಶಾಲಾ ಅಭಿವೃದ್ಧಿ ಯೋಜನೆ. ಬಾಯಿಮಾತಿಗೆ ಯಾವ ಕಚೇರಿಯೂ ಒಂದು ಕೋಣೆ ಬರೆಯುವುದಿಲ್ಲ.

ಸೆಪ್ಟೆಂಬರ್ 30ರ ತಾರೀಖು ನೆನಪಿಡಿರಿ. ದೇಶದ ಎಲ್ಲಾ ಶಾಲೆಗಳ ಅಂಕಿ-ಅಂಶಕ್ಕೆ ಆ ದಿನದ ಮಕ್ಕಳ ಸಂಖ್ಯೆಯೇ ಲೆಕ್ಕ. ಅಷ್ಟರೊಳಗೆ ಹಾಜರಿ ಪುಸ್ತಕ ನೋಡಿಕೊಂಡು ಬರಲು ಸಮಿತಿಯ ಇಬ್ಬರು ಹೋದರೆ ಸಾಕು. ಪಾಲಕರಲ್ಲದವರೂ ಗ್ರಾಮಸಭೆಯಲ್ಲಿ ಖಾತೆಯ ಲೆಕ್ಕ ಓದಿಸಬಹುದು.

ಕೊನೆಗೆ ಜಾಗದ ಮಾತು. ಬಹಳ ಊರುಗಳಲ್ಲಿ ಶಾಲೆ ನಿಂತಿರುವುದು ನಮ್ಮ ಹಿರಿಯರು ಬಾಯಿಮಾತಿನಲ್ಲಿ ಕೊಟ್ಟ ಜಾಗದ ಮೇಲೆ. ದಾನಪತ್ರ ಇಲ್ಲ, ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದೆ. ಜಾಗ ಶಾಲೆಯ ಹೆಸರಿಗೆ ಇಲ್ಲದಿದ್ದರೆ ಹೊಸ ಕೋಣೆ, ಕಾಂಪೌಂಡು ಎಲ್ಲವೂ ತಕರಾರಿನಲ್ಲಿ ನಿಲ್ಲುತ್ತವೆ. ನಮ್ಮೂರಿನದೂ ಹಾಗೆಯೇ. ಇಪ್ಪತ್ತು ಗುಂಟೆ ನಮ್ಮಜ್ಜ ಕೊಟ್ಟದ್ದು. ಮೊಮ್ಮಕ್ಕಳು ಏಳು ಮಂದಿ ಸಹಿ ಮಾಡಬೇಕು. ಆರು ಮಂದಿ ಮಾಡಿದ್ದೇವೆ. ಏಳನೆಯವನು, ನನ್ನ ಕಕ್ಕನ ಮಗ, ಪುಣೆಯಲ್ಲಿದ್ದಾನೆ. ರಸ್ತೆ ಬದಿಯ ಜಾಗ, ಈಗ ಬಾಳ ರೇಟ್ ಬಂದದ ಅಣ್ಣಾ, ಅಂತ ಫೋನಿನಲ್ಲಿ ಅಂದ. ದೀಪಾವಳಿಗೆ ಊರಿಗೆ ಬರುತ್ತಾನಂತೆ, ಆವಾಗ ಕೂತು ಮಾತಾಡಬೇಕು.