ಅರಿಶಿನ ಕೇಳಿದರೆ ಕುಂಕುಮ

ಕನ್ನಡ ಬಿ.ಎ. ಓದಿದ ಇವಳಿಗೇಕೆ ಕಂಪ್ಯೂಟರ್ ಮಾತು ಅಂತ ನಗಬೇಡಿ. ಇದು ಬಿಬವೇವಾಡಿಯ ನಮ್ಮ ಮನೆಯಲ್ಲೇ 2000ನೇ ಇಸವಿಯಲ್ಲಿ ನಡೆದದ್ದು. ನಾನಾಗ 10 ವರ್ಷದವಳು, ಅಣ್ಣ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ. ಸೋಮವಾರ ಪ್ರಾಜೆಕ್ಟ್ ತೋರಿಸಬೇಕು. ಶನಿವಾರ ರಾತ್ರಿಯಾದರೂ ಪರದೆಯ ಮೇಲೆ ಅರಿಶಿನ ಬಣ್ಣದ ಬದಲು ಕೆಂಪೇ ಬರುತ್ತಿತ್ತು. ಅವ್ವ ಇಣುಕಿ ನೋಡಿ, "ಅರಿಶಿಣ ಬೇಡಿದ್ರ ಕುಂಕುಮಾ ಕೊಟ್ಟೈತಲ್ಲೋ!" ಅಂದಳು. ಅಣ್ಣ ನಗಲಿಲ್ಲ.

ಲಿನಕ್ಸ್‌ನಲ್ಲಿ ಚಿತ್ರ ಬಿಡಿಸಲು ಆಗ ಎಸ್‌ವಿಜಿಎಲಿಬ್ ಎಂಬ ಗ್ರಾಫಿಕ್ಸ್ ಲೈಬ್ರರಿ ಇತ್ತು. ಅದರ ಜೊತೆಗೆ ಅಣ್ಣ 'ಔಟ್‌ಬಿ' ಎಂಬ ಫಂಕ್ಷನ್ ಬಳಸಿ ವಿಜಿಎ ಕಾರ್ಡಿಗೆ ಬಣ್ಣದ ಅಂಕಿಗಳನ್ನು ನೇರವಾಗಿ ಕಳಿಸುತ್ತಿದ್ದ. ತೊಡಕು ಅಲ್ಲೇ. ಆಗಿನ ಲಿನಕ್ಸ್ ಹೆಡರ್ ಕಡತದಲ್ಲಿ ಔಟ್‌ಬಿ 'ಇನ್‌ಲೈನ್' ಆಗಿತ್ತು. ಅಂದರೆ ಕರೆದ ಜಾಗದಲ್ಲೇ ಕಂಪೈಲರ್ ಅದನ್ನು ಬಿಡಿಸಿ ಸೇರಿಸಬೇಕು. ಬೇರೆಲ್ಲೂ ಅದರ ಪ್ರತಿ ಇಲ್ಲ. ಜಿಸಿಸಿ ಕಂಪೈಲರ್ ಹಾಗೆ ಸೇರಿಸುತ್ತಿದ್ದದ್ದು ಆಪ್ಟಿಮೈಸೇಶನ್ ಇದ್ದಾಗ ಮಾತ್ರ. ತಪ್ಪು ಹುಡುಕಲೆಂದು ಅದನ್ನು ತೆಗೆದರೆ, ಔಟ್‌ಬಿ ಎಲ್ಲಿದೆ ಎಂದು ಲಿಂಕರ್ ತಗಾದೆ ತೆಗೆದು ಪ್ರೋಗ್ರಾಮನ್ನೇ ಕಟ್ಟುತ್ತಿರಲಿಲ್ಲ. ಇಟ್ಟುಕೊಂಡರೆ ಜಿಡಿಬಿ ಡಿಬಗರ್‌ನಲ್ಲಿ ಸಾಲುಗಳು ಹಿಂದುಮುಂದಾಗಿ ಓಡುತ್ತಿದ್ದವು, ಕೆಲವು ವೇರಿಯಬಲ್‌ಗಳ ಬೆಲೆಯೇ ಸಿಗುತ್ತಿರಲಿಲ್ಲ. ಕತ್ತರಿಸಿ ಜೋಡಿಸಿದ ಧ್ವನಿಮುದ್ರಣ ಕೇಳುತ್ತಾ ಮೂಲ ಸ್ಕ್ರಿಪ್ಟಿನ ಮೇಲೆ ಬೆರಳಿಟ್ಟು ಹೋದ ಹಾಗೆ. ನಮ್ಮ ಸ್ಟುಡಿಯೋದವರಿಗೆ ಈ ಸಂಕಟ ಚೆನ್ನಾಗಿ ಗೊತ್ತು.

ಭಾನುವಾರ ಬೆಳಿಗ್ಗೆ ಅಣ್ಣನಿಗೆ ದಾರಿ ಹೊಳೆಯಿತು. ಔಟ್‌ಬಿ ಕರೆಯುವ ನಾಲ್ಕಾರು ಸಾಲುಗಳನ್ನಷ್ಟೇ ಬೇರೆ ಕಡತಕ್ಕೆ ಹಾಕಿ, ಅದೊಂದನ್ನು 'ಮೈನಸ್ ಓ' ಕೊಟ್ಟು ಕಂಪೈಲ್ ಮಾಡಿದ. ಉಳಿದದ್ದಕ್ಕೆಲ್ಲ ಬರೀ 'ಮೈನಸ್ ಜಿ'. ಎರಡನ್ನೂ ಜೋಡಿಸಿದ ಮೇಲೆ ಜಿಡಿಬಿ ಸಾಲುಸಾಲಾಗಿ ನಡೆಯಿತು, ಅಂಕಿಗಳು ಕಣ್ಣಿಗೆ ಬಿದ್ದವು: ಕೆಂಪು 255, ಹಸಿರು 200, ನೀಲಿ 0. ಆದರೆ ವಿಜಿಎ ಕಾರ್ಡು ಒಂದೊಂದು ಬಣ್ಣಕ್ಕೆ ತೆಗೆದುಕೊಳ್ಳುವುದು 6 ಬಿಟ್, ಅಂದರೆ 0ಯಿಂದ 63. ಮೇಲಿನ 2 ಬಿಟ್ ಬಿಟ್ಟುಹೋಗಿ 255 ಅನ್ನುವುದು 63 ಆಗಿತ್ತು, 200 ಅನ್ನುವುದು ಬರೀ 8. ಕೆಂಪು ಪೂರ್ತಿ ಉಳಿದು ಹಸಿರು ಹೆಚ್ಚುಕಡಿಮೆ ಮಾಯ! ಅವ್ವ ಹೇಳಿದ ಕುಂಕುಮ ಅದೇ. ಎಲ್ಲವನ್ನೂ 4ರಿಂದ ಭಾಗಿಸಿದ, ಅರಿಶಿನ ಬಂತು.

ಈ ಮಾತಿಗಾಗಿ ಮೊನ್ನೆ ಅಣ್ಣನಿಗೆ ಫೋನ್ ಮಾಡಿದ್ದೆ. 2013ರಲ್ಲಿ ಬಂದ ಜಿಸಿಸಿ 4.8ರಿಂದ 'ಮೈನಸ್ ಓಜಿ' ಇದೆ, ಡಿಬಗ್ ಮಾಡಲು ಅಡ್ಡಿಯಾಗದಷ್ಟೇ ಆಪ್ಟಿಮೈಸ್ ಮಾಡುತ್ತದೆ ಎಂದ. ಆದರೂ ತಾನು ಇಂಥವನ್ನು ಈಗಲೂ ಬೇರೆ ಕಡತದಲ್ಲೇ ಇಡುತ್ತಾನಂತೆ.

ಅಂದ ಹಾಗೆ, ಆ ಸೋಮವಾರ ಪರೀಕ್ಷಕರು ಬಣ್ಣದ ಬಗ್ಗೆ ಒಂದು ಮಾತೂ ಕೇಳಲಿಲ್ಲವಂತೆ.