ವಂಡರ್ ವುಮನ್ ಹಗ್ಗ ಮತ್ತು ಅಜ್ಜಿಯ ಬಿಪಿ ಪಟ್ಟಿ

ವಂಡರ್ ವುಮನ್ ಸೊಂಟದಲ್ಲಿ ಥಳಥಳ ಹೊಳೆಯುವ ಹಗ್ಗವೊಂದು ನೇತಾಡುವುದನ್ನು ನೀವು ಸಿನಿಮಾದಲ್ಲೋ ಕಾಮಿಕ್ಸ್ ಪುಸ್ತಕದಲ್ಲೋ ನೋಡಿರುತ್ತೀರಿ. ಆ ಹಗ್ಗ ಸುತ್ತಿದರೆ ಸಾಕು, ಎಂಥ ಖದೀಮನೂ ನಿಜ ಹೇಳಲೇಬೇಕು. ಈ ನಾಯಕಿಯ ಕಥೆಗಳನ್ನು ಮೊದಲು ಬರೆದವರು ಅಮೆರಿಕದ ವಿಲಿಯಂ ಮೌಲ್ಟನ್ ಮಾರ್ಸ್ಟನ್. ಅವರು ಕಾಮಿಕ್ಸ್ ಬರೆಯಲು ಕೂತದ್ದು ನಲವತ್ತೇಳರ ವಯಸ್ಸು ದಾಟಿದ ಮೇಲೆ. ಅದಕ್ಕೂ ಮುಂಚೆ ಅವರು ಮನಃಶಾಸ್ತ್ರದ ವಿಜ್ಞಾನಿ. ಸುಳ್ಳು ಹೇಳುವಾಗ ನಮ್ಮ ಮೈಯೊಳಗೆ ಏನಾಗುತ್ತದೆ ಎಂಬುದೇ ಅವರ ಸಂಶೋಧನೆಯ ವಿಷಯವಾಗಿತ್ತು.

ಮಾರ್ಸ್ಟನ್ ಹುಟ್ಟಿದ್ದು 1893ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕಾನೂನನ್ನೂ ಓದಿದರು, ಮನಃಶಾಸ್ತ್ರದಲ್ಲಿ ಪಿಎಚ್‌.ಡಿ.ಯನ್ನೂ ಪಡೆದರು. ಅವರ ಹೆಂಡತಿ ಎಲಿಜಬೆತ್ ಕೂಡ ಇವೆರಡನ್ನೂ ಓದಿದ್ದವರು. ಸಿಟ್ಟು ಬಂದಾಗ, ಉದ್ವೇಗವಾದಾಗ ತಮ್ಮ ರಕ್ತದೊತ್ತಡ ಏರಿದಂತೆ ಅನಿಸುತ್ತದೆ ಎಂದು ಎಲಿಜಬೆತ್ ಒಮ್ಮೆ ಗಂಡನಿಗೆ ಹೇಳಿದ್ದರಂತೆ. ಮಾರ್ಸ್ಟನ್ ಅವರ ಪ್ರಯೋಗಗಳಿಗೆ ಆ ಮಾತೇ ಬೀಜವಾಯಿತು ಎಂದು ಅವರ ಮಗ ನೆನಪಿಸಿಕೊಂಡಿದ್ದಾರೆ.

ರಕ್ತದೊತ್ತಡ ಅಂದರೇನು? ಡಾಕ್ಟರು ಅಜ್ಜಿಯ ತೋಳಿಗೆ ಪಟ್ಟಿ ಸುತ್ತಿ, ಪುಸ್ ಪುಸ್ ಎಂದು ಗಾಳಿ ತುಂಬುವುದನ್ನು ನೋಡಿದ್ದೀರಲ್ಲ? ಪಟ್ಟಿ ಬಿಗಿಯಾದಾಗ ತೋಳಿನ ರಕ್ತನಾಳ ಮುಚ್ಚಿಕೊಳ್ಳುತ್ತದೆ, ರಕ್ತದ ಹರಿವು ನಿಲ್ಲುತ್ತದೆ. ಆಮೇಲೆ ಗಾಳಿಯನ್ನು ನಿಧಾನವಾಗಿ ಬಿಡುತ್ತಾರೆ. ಒಂದು ಹಂತದಲ್ಲಿ ರಕ್ತ ಪಟ್ಟಿಯ ಬಿಗಿತವನ್ನು ಮೀರಿ ನುಗ್ಗಲು ಶುರುಮಾಡುತ್ತದೆ. ಆಗ ಸ್ಟೆತಸ್ಕೋಪಿನಲ್ಲಿ ಟಪ್ ಟಪ್ ಎಂಬ ಸದ್ದು ಕೇಳುತ್ತದೆ. ಆ ಮೊದಲ ಸದ್ದಿನ ಹೊತ್ತಿಗೆ ಕಾಣುವುದೇ ಮೇಲಿನ ಅಂಕಿ. ಆರೋಗ್ಯವಂತ ದೊಡ್ಡವರಲ್ಲಿ ಅದು ಸುಮಾರು 120. ಅಂದರೆ ಹೃದಯ ಒಮ್ಮೆ ಹಿಂಡಿಕೊಂಡಾಗ ಬರುವ ಒತ್ತಡ 120 ಮಿಲಿಮೀಟರ್ ಎತ್ತರದ ಪಾದರಸವನ್ನು ಎತ್ತಿ ಹಿಡಿಯಬಲ್ಲದು. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಹಾಗಾಗಿ ಪಾದರಸದ ಬದಲು ನೀರಿದ್ದರೆ ಅದೇ ಒತ್ತಡಕ್ಕೆ ನೀರು ಸುಮಾರು 160 ಸೆಂಟಿಮೀಟರ್ ಮೇಲೇರುತ್ತಿತ್ತು. ನಿಮ್ಮ ಮುಷ್ಟಿಯಷ್ಟೇ ಇರುವ ಹೃದಯಕ್ಕೆ ಎಷ್ಟು ಬಲ ನೋಡಿ!

ಮಾರ್ಸ್ಟನ್ ಬಳಸಿದ್ದು ಇಂಥದೇ ಪಟ್ಟಿಯನ್ನು. ಎದುರಿಗೆ ಕೂತವರನ್ನು ಪ್ರಶ್ನೆ ಕೇಳುತ್ತಾ, ನಡುನಡುವೆ ಆ ಮೇಲಿನ ಅಂಕಿಯನ್ನು ಅಳೆಯುತ್ತಿದ್ದರು. ಸುಳ್ಳು ಹೇಳುವವರ ಒತ್ತಡ ಏರುತ್ತದೆ ಎಂದು ಅವರಿಗೆ ಕಂಡಿತು. ಅದಕ್ಕೆ ಕಾರಣವೂ ಇದೆ. ನಮ್ಮ ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಪುಟ್ಟ ಗ್ರಂಥಿಗಳಿವೆ. ಹೆದರಿಕೆಯಾದಾಗ ಅವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಯುತ್ತವೆ. ಹೃದಯ ಜೋರಾಗಿ, ಬೇಗ ಬೇಗ ಬಡಿಯುತ್ತದೆ, ಕೆಲವು ರಕ್ತನಾಳಗಳು ಕಿರಿದಾಗುತ್ತವೆ, ಒತ್ತಡ ಏರುತ್ತದೆ. ಓಡಲು ಇಲ್ಲವೇ ಎದುರಿಸಿ ನಿಲ್ಲಲು ಮೈ ಮಾಡಿಕೊಳ್ಳುವ ಸಿದ್ಧತೆ ಅದು.

ಈಗ ನೀವೇ ಯೋಚಿಸಿ. ತರಗತಿಯಲ್ಲಿ ಯಾರದೋ ಪೆನ್ನು ಕಳೆದುಹೋಗಿದೆ. ಟೀಚರ್ ನಿಮ್ಮನ್ನೇ ಎಬ್ಬಿಸಿ ನಿಲ್ಲಿಸಿ ಕೇಳುತ್ತಾರೆ. ನೀವು ತೆಗೆದುಕೊಂಡಿಲ್ಲ, ಆದರೂ ಎದೆ ಡವಡವ ಅನ್ನುವುದಿಲ್ಲವೇ? ಅಡ್ರಿನಲಿನ್‌ಗೆ ಸುಳ್ಳು ಯಾವುದು, ಭಯ ಯಾವುದು, ಅವಮಾನ ಯಾವುದು ಎಂದು ಗೊತ್ತಿಲ್ಲ. ಮಾರ್ಸ್ಟನ್ ಅವರ ಪಟ್ಟಿ ಎಡವಿದ್ದು ಇಲ್ಲೇ ಎಂದು ನನಗೆ ಅನಿಸುತ್ತದೆ. ಅದು ಅಳೆದದ್ದು ಒತ್ತಡವನ್ನು. ಆ ಒತ್ತಡ ಯಾಕೆ ಏರಿತು ಎಂದು ಹೇಳಲು ಅದಕ್ಕೆ ಸಾಧ್ಯವಿರಲಿಲ್ಲ.

ಅದು ನ್ಯಾಯಾಲಯಕ್ಕೂ ಹೋಯಿತು. ವಾಷಿಂಗ್ಟನ್ ನಗರದಲ್ಲಿ ಕೊಲೆಯ ಆರೋಪ ಹೊತ್ತಿದ್ದ ಫ್ರೈ ಎಂಬ ಯುವಕನನ್ನು ಮಾರ್ಸ್ಟನ್ ಪರೀಕ್ಷಿಸಿ, ಇವನು ನಿಜ ಹೇಳುತ್ತಿದ್ದಾನೆ ಎಂದರು. ನ್ಯಾಯಾಧೀಶರು ಅದನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲ. 1923ರಲ್ಲಿ ಮೇಲಿನ ನ್ಯಾಯಾಲಯವೂ ಒಪ್ಪಲಿಲ್ಲ. ಒಂದು ಹೊಸ ವಿಧಾನವನ್ನು ಆ ಕ್ಷೇತ್ರದ ವಿಜ್ಞಾನಿಗಳೇ ಮೊದಲು ಸಾಮಾನ್ಯವಾಗಿ ಒಪ್ಪಿರಬೇಕು ಎಂದು ಅದು ಹೇಳಿತು. ಅಮೆರಿಕದ ಕಾನೂನು ಓದುವವರು ಇಂದಿಗೂ ಈ ತೀರ್ಪನ್ನು ಓದುತ್ತಾರೆ.

ಕಾಮಿಕ್ಸ್ ಲೋಕಕ್ಕೆ ಮಾರ್ಸ್ಟನ್ ಬಂದದ್ದು ಆಮೇಲೆ. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಮೆರೆಯುತ್ತಿದ್ದ ಕಾಲ ಅದು. ಈ ಸಲದ ವೀರ ಹೆಣ್ಣಾಗಿರಲಿ ಎಂದು ಒತ್ತಾಯಿಸಿದವರು ಎಲಿಜಬೆತ್ ಎಂದು ಹೇಳುತ್ತಾರೆ. 1941ರ ಕೊನೆಯಲ್ಲಿ ವಂಡರ್ ವುಮನ್ ಮೊದಲ ಸಲ ಅಚ್ಚಾದಳು. ಚಿತ್ರ ಬರೆದವರು ಎಚ್. ಜಿ. ಪೀಟರ್. ಲೇಖಕರ ಜಾಗದಲ್ಲಿ ಇದ್ದ ಹೆಸರು ಚಾರ್ಲ್ಸ್ ಮೌಲ್ಟನ್, ಅದು ಮಾರ್ಸ್ಟನ್ ಇಟ್ಟುಕೊಂಡ ಕಾವ್ಯನಾಮ. ಹಗ್ಗ ಬಂದದ್ದು ಮರುವರ್ಷ. ಆಗಿನ ಕಥೆಗಳಲ್ಲಿ ಅದಕ್ಕೆ ಸಿಕ್ಕವರು ಅವಳು ಹೇಳಿದ್ದನ್ನೆಲ್ಲ ಕೇಳಬೇಕಿತ್ತು. ನಿಜ ಹೇಳುವುದೂ ಅದರಲ್ಲಿ ಸೇರಿತ್ತು. 1947ರಲ್ಲಿ, 54 ತುಂಬುವ ಮೊದಲೇ ಮಾರ್ಸ್ಟನ್ ತೀರಿಕೊಂಡರು. ಅಷ್ಟು ಕಡಿಮೆ ಕಾಲದಲ್ಲಿ ಅವರು ಬರೆದಿಟ್ಟ ನಾಯಕಿ ಇಂದಿಗೂ ಜಗತ್ತಿನ ಮಕ್ಕಳಿಗೆಲ್ಲ ಪರಿಚಿತಳು ಎಂಬುದು ನನಗೆ ತುಂಬ ಸಂತೋಷ ಕೊಡುವ ಸಂಗತಿ.

ರಕ್ತದೊತ್ತಡದ ಜೊತೆಗೆ ಉಸಿರಾಟ, ಅಂಗೈ ಬೆವರು ಎಲ್ಲವನ್ನೂ ಅಳೆಯುವ ಪಾಲಿಗ್ರಾಫ್ ಯಂತ್ರಗಳು ಬೇರೆಯವರ ಕೈಯಲ್ಲಿ ಬೆಳೆದವು. ಅವುಗಳ ಮೇಲಿನ ಅನುಮಾನವೂ ಹಾಗೇ ಉಳಿದಿದೆ. ನಮ್ಮ ಸುಪ್ರೀಂ ಕೋರ್ಟ್ 2010ರಲ್ಲಿ, ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ, ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆಗೆ ಒಳಪಡಿಸುವಂತಿಲ್ಲ ಎಂದು ತೀರ್ಪು ಕೊಟ್ಟಿತು.

ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಐದು ನಿಮಿಷ ಸುಮ್ಮನೆ ಕೂತು, ಹೆಬ್ಬೆರಳಿನ ಬುಡದ ಹತ್ತಿರ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಅರ್ಧ ನಿಮಿಷದ ನಾಡಿ ಎಣಿಸಿ ಬರೆದುಕೊಳ್ಳಿ. ಆಮೇಲೆ 100ರಿಂದ ಏಳೇಳು ಕಳೆಯುತ್ತಾ ಜೋರಾಗಿ, ಬೇಗ ಬೇಗ ಹೇಳಿ: 93, 86, 79... ಆಗ ಇನ್ನೊಬ್ಬರು ನಿಮ್ಮ ನಾಡಿ ಎಣಿಸಲಿ. ತುಂಬ ಜನರಲ್ಲಿ ಎರಡನೆಯ ಅಂಕಿ ಹೆಚ್ಚಿರುತ್ತದೆ. ಅಷ್ಟು ಹೊತ್ತೂ ನೀವು ಹೇಳಿದ್ದು ಬರೀ ಕಳೆಯುವ ಲೆಕ್ಕ, ಒಂದು ಸುಳ್ಳೂ ಇಲ್ಲ.