ಗಣಿತದ ಪದಗಳು ಮತ್ತು ನಮ್ಮ ಮನೆಯ ಮಾತು

(ಸಂಘದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ವೈದ್ಯವೃತ್ತಿಯಲ್ಲಿರುವ ನಾವು ಗಣಿತವನ್ನು ಕುರಿತು ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಇಂದಿನ ವಿಷಯ ಕಠಿಣವಾದ ಲೆಕ್ಕಗಳಲ್ಲ; ಗಣಿತದ ಪದಗಳು. ಪದಗಳ ಕಷ್ಟವನ್ನು ವೈದ್ಯರು ಚೆನ್ನಾಗಿ ಬಲ್ಲರು. ಎಂ.ಬಿ.ಬಿ.ಎಸ್. ಮೊದಲ ವರ್ಷದಲ್ಲಿ ಲ್ಯಾಟಿನ್ ಹೆಸರುಗಳ ರಾಶಿಯೇ ಎದುರಾದಾಗ, ಹೆಸರಿನ ಅರ್ಥ ತಿಳಿದರೆ ಎಲುಬಿನ ಆಕಾರವೂ ನೆನಪಿನಲ್ಲಿ ನಿಲ್ಲುತ್ತದೆಂಬುದನ್ನು ನಾವು ಕಂಡುಕೊಂಡೆವು. ಗಣಿತದಲ್ಲಿಯೂ ಹಾಗೆಯೇ.

ನಮ್ಮ ಮಕ್ಕಳು ಓದುವ ಹೈಸ್ಕೂಲಿನ ಪಾಠಗಳಿಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ಹೆಸರು. ವರ್ಜೀನಿಯದಲ್ಲಿ ಆಲ್ಜೀಬ್ರಾ 1, ಜಿಯಾಮೆಟ್ರಿ, ಆಲ್ಜೀಬ್ರಾ 2 ಎಂಬ ಕ್ರಮವಿದೆ. ನಾರ್ತ್ ಕೆರೊಲಿನದಲ್ಲಿ ಮ್ಯಾತ್ 1, 2, 3 ಎಂದು ಎರಡನ್ನೂ ಬೆರೆಸಿ ಕಲಿಸುತ್ತಾರೆ. ಜಾರ್ಜಿಯದಲ್ಲಿ 2023ರಿಂದ ಪಠ್ಯಕ್ರಮವೂ ಹೆಸರುಗಳೂ ಮತ್ತೊಮ್ಮೆ ಬದಲಾಗಿವೆ. ಹೆಸರು ಯಾವುದಾದರೂ ಒಳಗಿನ ತಿರುಳು ನಾವು ಊರಿನಲ್ಲಿ ಕಲಿತ ಬೀಜಗಣಿತ ಮತ್ತು ರೇಖಾಗಣಿತವೇ.

ಆದರೂ ಮಕ್ಕಳು ಹೋಂವರ್ಕ್ ಹಿಡಿದು ಬಂದಾಗ ನಾವು ತಡವರಿಸುತ್ತೇವೆ. ಲೆಕ್ಕ ಬರುವುದಿಲ್ಲವೆಂದಲ್ಲ, ಪ್ರಶ್ನೆಯ ಭಾಷೆ ನಮ್ಮದಲ್ಲ. ಎರಡು ಸಲ ಹೀಗಾದರೆ ಮೂರನೆಯ ಸಲ ಮಕ್ಕಳು ಕೇಳುವುದಿಲ್ಲ. ತಂದೆತಾಯಿಗಳಿಗೆ ಇದು ತಿಳಿಯದು ಎಂದುಕೊಳ್ಳುತ್ತಾರೆ. ಕನ್ನಡವು ಊಟತಿಂಡಿಗೆ ಸಾಕು, ಓದಿಗೆ ಸಾಲದು ಎಂದೂ ತೀರ್ಮಾನಿಸುತ್ತಾರೆ. ನಷ್ಟ ಕೇವಲ ಅಂಕಗಳದ್ದಲ್ಲವೆಂಬುದನ್ನು ನಾವು ಗಮನಿಸಬೇಕು.

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸೋಣ. ನಾವು ತ್ರಾಪಿಜ್ಯ ಅಥವಾ ಟ್ರಪೀಜಿಯಂ ಎಂದು ಕಲಿತ ಆಕೃತಿ ಇಲ್ಲಿ ಟ್ರಾಪಿಜಾಯ್ಡ್. ಒಂದೇ ಒಂದು ಜೊತೆ ಬಾಹುಗಳು ಸಮಾಂತರವಾಗಿರಬೇಕೆಂದು ಇಲ್ಲಿನ ಕೆಲವು ಪುಸ್ತಕಗಳು ಹೇಳಿದರೆ, ಕನಿಷ್ಠ ಒಂದು ಜೊತೆ ಇದ್ದರೆ ಸಾಕೆಂದು ಇನ್ನು ಕೆಲವು ಹೇಳುತ್ತವೆ. ಆದುದರಿಂದ ಮಗುವಿನ ಪುಸ್ತಕವನ್ನು ನೋಡಿಯೇ ಉತ್ತರಿಸಬೇಕು. ನಮ್ಮ ಕರಣಿ, ಅಂದರೆ ಸರ್ಡ್, ಇಲ್ಲಿ ರ‍್ಯಾಡಿಕಲ್; ನಮ್ಮ ಮಹತ್ತಮ ಸಾಮಾನ್ಯ ಅಪವರ್ತನ ಇಲ್ಲಿ ಜಿ.ಸಿ.ಎಫ್. ನಾವು ಕಂಠಪಾಠ ಮಾಡಿದ ಬೋಡ್‌ಮಾಸ್ ಸೂತ್ರಕ್ಕೆ ಇಲ್ಲಿ ಪೆಮ್‌ಡಾಸ್ ಎಂದು ಹೆಸರು. ಮೊದಲನೆಯದರಲ್ಲಿ ಭಾಗಾಕಾರ ಮುಂದೆ, ಎರಡನೆಯದರಲ್ಲಿ ಗುಣಾಕಾರ ಮುಂದೆ ಇರುವುದನ್ನು ಕಂಡು ನಿಯಮವೇ ಬೇರೆಯೆಂದು ತಿಳಿಯಬಾರದು. ಇವೆರಡಕ್ಕೂ ಸಮಾನ ಸ್ಥಾನ. ಎಡದಿಂದ ಬಲಕ್ಕೆ ಮಾಡುತ್ತ ಹೋಗಬೇಕು. 12 ÷ 3 × 2 ಎಂಬುದಕ್ಕೆ ಎರಡು ದೇಶಗಳಲ್ಲಿಯೂ ಉತ್ತರ 8.

ಇನ್ನು ರೇಖಾಗಣಿತ. ನಮ್ಮ ಪದಗಳು ಮನುಷ್ಯನ ದೇಹವನ್ನೇ ನೆನಪಿಸುತ್ತವೆ. ತ್ರಿಭುಜಕ್ಕೆ ಮೂರು ಭುಜಗಳು, ಕೆಳಗೆ ಪಾದ. ಕರ್ಣವೆಂದರೆ ಕಿವಿ. ಕರ್ನಾಟಕದ ಪಠ್ಯಪುಸ್ತಕಗಳಲ್ಲಿ ಆಯತದ ಮೂಲೆಯಿಂದ ಎದುರು ಮೂಲೆಗೆ ಹೋಗುವ ಡಯಾಗನಲ್ ಕರ್ಣ. ಲಂಬಕೋನ ತ್ರಿಭುಜದ ಹೈಪಾಟಿನ್ಯೂಸ್ ವಿಕರ್ಣ. ಆಯತದಲ್ಲಿ ಕರ್ಣವನ್ನೆಳೆದರೆ ಎರಡು ಲಂಬಕೋನ ತ್ರಿಭುಜಗಳಾಗುತ್ತವೆ, ಅದೇ ಗೆರೆ ಎರಡಕ್ಕೂ ವಿಕರ್ಣವಾಗುತ್ತದೆ. ಹೀಗೆ ಎರಡು ಪದಗಳ ನಂಟನ್ನು ಒಂದೇ ಚಿತ್ರದಲ್ಲಿ ತೋರಿಸಬಹುದು.

ಕಾಂಪ್ಲಿಮೆಂಟರಿ ಮತ್ತು ಸಪ್ಲಿಮೆಂಟರಿ ಕೋನಗಳನ್ನು ಮಕ್ಕಳು ಸದಾ ಅದಲುಬದಲು ಮಾಡುತ್ತಾರೆ. ಕನ್ನಡದಲ್ಲಿ ಅವು ಪೂರಕ ಮತ್ತು ಪರಿಪೂರಕ. 90 ಡಿಗ್ರಿಯನ್ನು ತುಂಬಿಸಿಕೊಡುವುದು ಪೂರಕ. 180 ಡಿಗ್ರಿಯನ್ನು ತುಂಬಿಸಿಕೊಡುವುದು ಪರಿಪೂರಕ. ಪದ ದೊಡ್ಡದಾದಂತೆ ಮೊತ್ತವೂ ದೊಡ್ಡದಾಯಿತೆಂದು ಹೇಳಿಕೊಟ್ಟರೆ ಮರೆಯುವುದಿಲ್ಲ. ಹಾಗೆಯೇ ಕಾಂಗ್ರುಯೆಂಟ್ ಎಂದರೆ ಸರ್ವಸಮ, ಎಲ್ಲ ವಿಧದಲ್ಲಿಯೂ ಸಮ. ಸಿಮಿಲರ್ ಎಂದರೆ ಸಮರೂಪ, ರೂಪ ಮಾತ್ರ ಒಂದೇ, ಅಳತೆ ಬೇರೆಯಾಗಿರಬಹುದು. ಇಲ್ಲಿ ಪದವೇ ಅರ್ಧ ಪಾಠ ಹೇಳಿಬಿಡುತ್ತದೆ.

ಬೀಜಗಣಿತಕ್ಕೆ ಬರೋಣ. ಆಲ್ಜೀಬ್ರಾ ಎಂಬುದು ಅರಬ್ಬಿಯ ಅಲ್-ಜಬ್ರ್ ಪದದಿಂದ ಬಂದುದು. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಅಲ್-ಖ್ವಾರಿಜ್ಮಿಯು ತನ್ನ ಗ್ರಂಥದ ಹೆಸರಿನಲ್ಲಿ ಅದನ್ನು ಬಳಸಿದನು. ಮುರಿದುದನ್ನು ಮತ್ತೆ ಕೂಡಿಸುವುದು ಎಂಬುದು ಅದರ ಅರ್ಥ. ಹಳೆಯ ಸ್ಪ್ಯಾನಿಷ್ ಭಾಷೆಯಲ್ಲಿ ಮೂಳೆ ಕೂಡಿಸುವವನಿಗೂ ಆಲ್ಜೆಬ್ರಿಸ್ತಾ ಎಂದೇ ಹೆಸರಿತ್ತು! 3x – 5 = 16 ಎಂಬ ಸಮೀಕರಣದಲ್ಲಿ ಎಡಗಡೆ 5 ಕಡಿಮೆಯಾಗಿದೆ. ಅದನ್ನು ತುಂಬಿಕೊಡಬೇಕು, ತಕ್ಕಡಿ ಸಮವಾಗಿರಬೇಕಾದರೆ ಬಲಗಡೆಗೂ 5 ಸೇರಿಸಬೇಕು. ಆಗ 3x = 21, x = 7. ಪಕ್ಷ ಬದಲಾದರೆ ಚಿಹ್ನೆ ಬದಲಾಗುತ್ತದೆಂದು ಉರು ಹೊಡೆಸುವುದಕ್ಕಿಂತ ಈ ತಕ್ಕಡಿಯ ಮಾತು ಮಕ್ಕಳಿಗೆ ಬೇಗ ನಾಟುತ್ತದೆ. ಆ x ಅಕ್ಷರಕ್ಕೆ ಅವರು ಹೆದರಿದರೆ, 12ನೆಯ ಶತಮಾನದ ಭಾಸ್ಕರಾಚಾರ್ಯರು ಅವ್ಯಕ್ತ ಸಂಖ್ಯೆಯನ್ನು ‘ಯಾವತ್-ತಾವತ್’, ಎಷ್ಟೋ ಅಷ್ಟು, ಎಂದು ಕರೆದರೆಂದೂ, ಇನ್ನೂ ಹೆಚ್ಚು ಅವ್ಯಕ್ತಗಳು ಬಂದಾಗ ಕಪ್ಪು, ನೀಲಿ, ಹಳದಿ ಎಂದು ಬಣ್ಣಗಳ ಹೆಸರಿಟ್ಟರೆಂದೂ ಹೇಳಬಹುದು.

ಸೈನ್ ಎಂಬ ಪದದ ಕಥೆ ಇನ್ನೂ ಸ್ವಾರಸ್ಯಕರ. ಬಿಲ್ಲಿನ ಹೆದೆಗೆ ಸಂಸ್ಕೃತದಲ್ಲಿ ಜ್ಯಾ, ಜೀವಾ ಎಂದು ಹೆಸರು. ಅರಬ್ಬರು ಜೀವಾ ಪದವನ್ನು ಧ್ವನಿಯಂತೆಯೇ ಬರೆದುಕೊಂಡರು. ಸ್ವರಗಳಿಲ್ಲದ ಆ ಬರಹವನ್ನು ಮುಂದೆ ಜೈಬ್, ಅಂದರೆ ಉಡುಪಿನ ಎದೆಯ ಮಡಿಕೆ, ಎಂದು ಓದಲಾಯಿತು. ಲ್ಯಾಟಿನ್ ಅನುವಾದಕರು ಅದನ್ನು ಸೈನಸ್ ಎಂದರು. ಮೂಗಿನ ಪಕ್ಕದ ಸೈನಸ್ ಮತ್ತು ಮಕ್ಕಳ ಕ್ಯಾಲ್ಕುಲೇಟರಿನ ಸೈನ್ ಗುಂಡಿ ಒಂದೇ ಮಾತಿನ ಮಕ್ಕಳು.

ಅಟ್ಲಾಂಟದ ನಮ್ಮ ಬಂಧುಗಳ ಸಂಘಕ್ಕೆ ನೃಪತುಂಗ ಕನ್ನಡ ಕೂಟವೆಂಬ ಹೆಸರಿದೆ. ಆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದರು. ಋಣಸಂಖ್ಯೆಯು ಸ್ವಭಾವತಃ ವರ್ಗವಲ್ಲದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಅವರು ಆಗಲೇ ಗುರುತಿಸಿದ್ದರು; ಆಲ್ಜೀಬ್ರಾ 2 ಓದುವ ಮಕ್ಕಳು ಕಾಲ್ಪನಿಕ ಸಂಖ್ಯೆಗಳ ಪಾಠದಲ್ಲಿ ಎದುರಿಸುವುದು ಈ ಪ್ರಶ್ನೆಯನ್ನೇ. 12ನೆಯ ಶತಮಾನದ ರಾಜಾದಿತ್ಯನಂತೂ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಕನ್ನಡಕ್ಕೆ ಗಣಿತ ಹೊಸದಲ್ಲ.

ಇದರಿಂದ ಶಾಲೆಯಲ್ಲಿ ಕನ್ನಡ ಪದ ಬರೆಯಬೇಕೆಂದು ನಾವು ಹೇಳುತ್ತಿಲ್ಲ. ಪರೀಕ್ಷೆಯಲ್ಲಿ ಶಾಲೆಯ ಪದವೇ ಇರಬೇಕು. ಮನೆಯಲ್ಲಿ ಮಾತ್ರ ಒಂದು ನೋಟುಪುಸ್ತಕವಿರಲಿ: ಒಂದು ಕಡೆ ಶಾಲೆಯ ಪದ, ಪಕ್ಕದಲ್ಲಿ ಕನ್ನಡ ಪದ, ಕೆಳಗೆ ಮಗುವೇ ಬರೆದ ಚಿತ್ರ. ಊರಿನಿಂದ ಆರು ತಿಂಗಳಿಗೆಂದು ಬಂದ ಅಜ್ಜ ಅಜ್ಜಿಯರಲ್ಲಿ ನಿವೃತ್ತ ಉಪಾಧ್ಯಾಯರು ಎಷ್ಟೋ ಮಂದಿ. ಕಿಟಕಿಯ ಬಳಿ ಸುಮ್ಮನೆ ಕುಳಿತಿರುವ ಅವರ ಮುಂದೆ ಆ ಪುಸ್ತಕವನ್ನಿಡಿ. ಪೈಥಾಗೊರಸನ ಪ್ರಮೇಯವನ್ನು ಅವರು ಕನ್ನಡದಲ್ಲಿ ಹೇಳಲಿ, ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಹೇಳಲಿ. ಇಬ್ಬರೂ ಹೇಳಿದ್ದು ಒಂದೇ ಎಂದು ಮಗುವಿಗೆ ಹೊಳೆದರೆ ಪ್ರಮೇಯವೂ ಉಳಿಯುತ್ತದೆ, ಕನ್ನಡವೂ ಉಳಿಯುತ್ತದೆ.